ಹಾಜಿಯ ರೈಫಲ್ಲೂ ನನ್ನ ರಜೆಯೂ

ಕುವೈತಿನಲ್ಲಿ ನಾನು ರಿಪೇರಿ ಮಾಡಿದ ಬಂದೂಕು ಎರಡನೇ ಸಲ ಅಂಗಡಿಯ ಮೆಟ್ಟಿಲು ಹತ್ತಿದ್ದಿಲ್ಲ. ಇದು ಶುದ್ಧ ಸುಳ್ಳು. ಒಂದು ರೈಫಲ್ ಎಷ್ಟು ಸಲ ಬಂತೆಂದರೆ, ಬಾಗಿಲ ಕಾವಲಿನವನು ಅದರ ಯಜಮಾನರನ್ನು ಬಿಟ್ಟು ಅದಕ್ಕೇ ಸಲಾಂ ಹೇಳತೊಡಗಿದ. ನಮ್ಮದು ಶುವೈಖ್‌ನಲ್ಲಿ ಲೈಸೆನ್ಸಿನ ಬೇಟೆ ಬಂದೂಕು, ಸ್ಪರ್ಧೆಯ ರೈಫಲ್ ರಿಪೇರಿ ಮಾಡುವ ಅಂಗಡಿ. ಇಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಮೊದಲೆಲ್ಲ ನಗುತ್ತಿದ್ದೆ, ಈಗ ಆಕಳಿಸುತ್ತೇನೆ.

೧. ಅರ್ಧ ಕೆಲಸದ ರೈಫಲ್

ಅದು ಒಬ್ಬ ಹಿರಿಯ ಕುವೈತಿಯವರದ್ದು. ಎಲ್ಲರೂ ಅವರನ್ನು ಹಾಜಿ ಎನ್ನುವುದು. ರೈಫಲ್ ಸೆಮಿ-ಆಟೋಮ್ಯಾಟಿಕ್. ಒಂದು ಗುಂಡು ಹಾರಿದಾಗ ಹುಟ್ಟುವ ಗ್ಯಾಸಿನ ಒತ್ತಡದಲ್ಲೇ ಮುಂದಿನ ತೋಟೆ ತಾನಾಗಿ ಒಳಗೆ ಬರಬೇಕು. ಅದಕ್ಕೆ ನಳಿಗೆಯ ಮೇಲೊಂದು ಸಣ್ಣ ತೂತು, ಅದರ ಮೇಲೆ ಗ್ಯಾಸ್ ಬ್ಲಾಕ್ ಎಂಬ ಕಬ್ಬಿಣದ ತುಂಡು. ಬ್ಲಾಕ್ ಒಂದಿಷ್ಟು ತಿರುಗಿ ಕೂತರೂ ಗ್ಯಾಸ್ ಸಾಲದು. ಹಾಜಿಯ ರೈಫಲ್ ಒಂದು ಗುಂಡು ಹಾರಿಸಿ ಸುಮ್ಮನಾಗುತ್ತಿತ್ತು.

ನಾನು ಎಲ್ಲ ಬಿಚ್ಚಿದೆ, ತೊಳೆದೆ, ಸ್ಪ್ರಿಂಗ್ ಬದಲಿಸಿದೆ. ಕೊನೆಗೆ ನೋಡಿದರೆ ಬ್ಲಾಕಿನ ಬದಿಯಲ್ಲಿ ಗ್ಯಾಸ್ ಸೋರಿದ ಮಸಿ. ನೆಟ್ಟಗೆ ಕೂರಿಸಿದೆ, ಸರಿಯಾಯಿತು. ಹಾಜಿ ಅಪ್ಪಿಕೊಂಡು ಹೋದರು. ಅದೇ ವಾರ ವಾಪಸ್ ಬಂದರು, ಬ್ಲಾಕ್ ಮತ್ತೆ ಡೊಂಕು. ಸ್ಕ್ರೂ ಬಿಗಿ ಮಾಡಿದೆ. ಮತ್ತೆ ಬಂದರು.

ನಮ್ಮ ಮ್ಯಾನೇಜರ್ ಮಂಗಳೂರಿನ ಪೊರ್ಬುಗಳು, ಅಂದರೆ ಕ್ರಿಶ್ಚಿಯನ್ನರು. ಸಿಟ್ಟು ಬಂದರೆ ಸ್ವರ ಇನ್ನೂ ಮೆತ್ತಗಾಗುತ್ತದೆ. ಮೆತ್ತಗೆ ಹೇಳಿದರು: “ಇದು ಇನ್ನೊಂದು ಸಲ ಬಂದರೆ ನಿನ್ನ ರಜೆ ಖಲಾಸ್ ಮಾರಾಯ.”

ಉಳ್ಳಾಲದಲ್ಲಿ ಅಕ್ಕನ ಮಗಳ ನಿಕಾಹ್. ಇರುವ ಒಬ್ಬನೇ ಸೋದರಮಾವ ನಾನು. ಟಿಕೆಟ್ ಆಯಿತಾ ಎಂದು ಅಕ್ಕ ದಿನಾ ಫೋನಿನಲ್ಲಿ ಕೇಳುವುದು, ಆಯಿತು ಎಂದು ನಾನು ದಿನಾ ಹೇಳುವುದು. ಕಿಟಕಿ ಬದಿಯ ಸೀಟು ಸಿಕ್ಕಿದೆ ಎಂದು ಕೂಡ ಹೇಳಿಬಿಟ್ಟಿದ್ದೆ.

೨. ಇಕ್ಕಳ

ಈ ಸಲ ಬ್ಲಾಕನ್ನು ಮತ್ತೆ ನೆಟ್ಟಗೆ ಮಾಡಿ ನಾನೇ ಹಾಜಿಯ ಜೊತೆ ಶೂಟಿಂಗ್ ಕ್ಲಬ್ಬಿಗೆ ಹೋದೆ. ರೈಫಲ್ ಸರಿಯಾಗಿಯೇ ಓಡಿತು. ಆದರೆ ಗುಂಡುಗಳೆಲ್ಲ ಗುರಿಯ ಎಡಕ್ಕೆ. ಹಾಜಿ ಏನೂ ಆಗದವರಂತೆ ರೈಫಲ್ ಖಾಲಿ ಮಾಡಿದರು, ಉದ್ದ ನಿಲುವಂಗಿ ದಿಶ್‌ದಾಶಾದ ಜೇಬಿನಿಂದ ಇಕ್ಕಳ ತೆಗೆದು, ಗುರಿ ನೋಡಲು ನಳಿಗೆಯ ಮೇಲೆ ಮುಂದುಗಡೆ ಇರುವ ಮುಳ್ಳನ್ನು ಹಿಡಿದು ಒಂದು ತಿರುವು ತಿರುವಿದರು.

ಆ ಮುಳ್ಳು ಇರುವುದೇ ಗ್ಯಾಸ್ ಬ್ಲಾಕಿನ ತಲೆಯ ಮೇಲೆ. ನಾನು ಗ್ಯಾಸ್ ಸರಿಮಾಡಿದರೆ ಅವರ ಗುರಿ ಕೆಡುತ್ತದೆ, ಅವರು ಗುರಿ ಸರಿಮಾಡಿದರೆ ನನ್ನ ಗ್ಯಾಸ್ ಕೆಡುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಹಾಜಿ ನನ್ನ ಹೆಗಲ ಮೇಲೆ ಕೈಯಿಟ್ಟರು.

“ನೀನು ಪ್ರತಿ ಸಲ ಇದನ್ನು ಡೊಂಕು ಮಾಡಿ ಕಳಿಸುತ್ತೀ ಸದೀಕ್, ನನ್ನ ಗೆಳೆಯಾ. ನಿನ್ನ ಕೆಲಸ ಹೋಗಬಾರದೆಂದು ನಾನು ಯಾರಿಗೂ ಹೇಳಿಲ್ಲ.”

೩. ಟವೆಲ್

ಗುಂಡು ಎಡಕ್ಕೇ ಯಾಕೆ ಹೋಗುತ್ತದೆ? ನೋಡುತ್ತ ನಿಂತಾಗ ತಿಳಿಯಿತು. ಹಾಜಿ ತಲೆಗೆ ಹೊದೆಯುವ ಗುತ್ರಾ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಅದರ ಮಡಿಕೆ ಕೆನ್ನೆಗೂ ರೈಫಲಿನ ಹಿಡಿಗೂ ನಡುವೆ ದಿಂಬಿನಂತೆ ಕೂತು ಕಣ್ಣನ್ನು ಬದಿಗೆ ತಳ್ಳುತ್ತಿತ್ತು. ತೆಗೆಯಿರಿ ಎನ್ನಲು ಧೈರ್ಯವಿಲ್ಲ. ಶುಕ್ರವಾರ ಅವರಿಗೆ ತಮ್ಮ ಭಾವನ ಜೊತೆ ಪಂದ್ಯ ಬೇರೆ. ಭಾವನ ಎದುರು ಬರಿತಲೆಯಲ್ಲಿ ನಿಲ್ಲುವ ಜನ ಅಲ್ಲ ಅವರು.

ನನ್ನ ಕಿತಾಪತಿ ಬುದ್ಧಿ ಓಡಿತು. ಬ್ಲಾಕನ್ನು ನೆಟ್ಟಗೆ ಕೂರಿಸಿ, ಇಕ್ಕಳಕ್ಕೆ ಜಗ್ಗದಂತೆ ಪಿನ್ ಹೊಡೆದೆ. ಇನ್ನು ಕಣ್ಣಿನ ಹತ್ತಿರ ಇರುವ ಹಿಂದುಗಡೆಯ ಗುರಿಪಟ್ಟಿಯನ್ನು ಗುತ್ರಾದ ದಪ್ಪಕ್ಕೆ ಸರಿಯಾಗಿ ಸರಿಸಬೇಕಿತ್ತು. ಅಳತೆಗೆ ಸ್ನಾನದ ಟವೆಲ್ ತಲೆಗೆ ಹೊದ್ದು, ಗುತ್ರಾದ ಮೇಲಿನ ಕಪ್ಪು ಬಳೆಯ ಬದಲು ಫ್ಯಾನ್ ಬೆಲ್ಟ್ ಸಿಕ್ಕಿಸಿ, ಖಾಲಿ ರೈಫಲಿಗೆ ಕೆನ್ನೆ ಕೊಟ್ಟು ನಿಂತಿದ್ದೆ. ಮ್ಯಾನೇಜರ್ ಬಾಗಿಲು ತೆರೆದರು. ನೋಡಿದರು. ಮೆಲ್ಲ ಮುಚ್ಚಿದರು. ಹೊರಗಿನಿಂದ ಸ್ವರ ಬಂತು: “ರಜೆಗೋಸ್ಕರ ಹುಚ್ಚಿನ ನಾಟಕ ಎಲ್ಲ ನನ್ನ ಹತ್ತಿರ ನಡೆಯುವುದಿಲ್ಲ.”

೪. ಶುಕ್ರವಾರ

ಅವತ್ತು ಧೂಳುಗಾಳಿ. ಗುತ್ರಾ ಹಾರಿ ಮುಖಕ್ಕೇ ಹೊಡೆಯುತ್ತಿದೆಯೆಂದು ಹಾಜಿ ಅದನ್ನು ಕಾರಿನಲ್ಲಿ ಬಿಟ್ಟು ಕ್ಲಬ್ಬಿನ ಟೋಪಿ ಹಾಕಿ ಬಂದರು. ನಾನು ಗುರಿ ಸರಿಸಿಟ್ಟದ್ದು ಗುತ್ರಾದ ದಪ್ಪಕ್ಕೆ.

ಗ್ಯಾಸ್ ಮಾತ್ರ ಅದ್ಭುತ. ತೋಟೆಯ ಮೇಲೆ ತೋಟೆ, ಒಂದೂ ತಡೆಯಲಿಲ್ಲ. ಗುಂಡುಗಳೆಲ್ಲ ಬಲಕ್ಕೆ ಹೋಗಿ ಪಕ್ಕದಲ್ಲಿದ್ದ ಭಾವನ ಗುರಿಹಲಗೆಗೆ ಬಿದ್ದವು, ಅದೂ ನಟ್ಟನಡುವೆ. ಭಾವ ತಾನೇ ಹೊಡೆದದ್ದು ಅಷ್ಟು ಚೆನ್ನಾಗಿರಲಿಲ್ಲ. ಅಂಕ ಎಲ್ಲ ಭಾವನ ಲೆಕ್ಕಕ್ಕೆ ಹೋಗಿ ಪಂದ್ಯ ಅವರದ್ದಾಯಿತು. ಹಾಜಿ ಇಕ್ಕಳ ತೆಗೆದರು. ಬ್ಲಾಕ್ ಜಗ್ಗಲಿಲ್ಲ. ತಿರುಗಿ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ, ಧೂಳು ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಭಾವ ಖರ್ಜೂರದ ಡಬ್ಬ ಹಿಡಿದು ಅಂಗಡಿಗೆ ಬಂದರು. ಮ್ಯಾನೇಜರ್ ಎದುರೇ ನನ್ನ ಕೈ ಹಿಡಿದು ಹೇಳಿದರು, ಹಾಜಿಯ ರೈಫಲ್ ಇನ್ನು ಮುಂದೆ ಇವನೇ ನೋಡಿಕೊಳ್ಳಬೇಕು, ಬೇರೆ ಯಾರೂ ಮುಟ್ಟಬಾರದು. ಅಷ್ಟರಲ್ಲಿ ಹೊರಗೆ ಹಾಜಿಯ ಕಾರು ನಿಂತ ಸದ್ದು. ಮ್ಯಾನೇಜರ್ ನನ್ನನ್ನು ಹಿಂಬಾಗಿಲಿಗೆ ದೂಡಿಕೊಂಡೇ ಹೋದರು.

“ರಜೆ ಮಂಜೂರು. ಯಲ್ಲಾ, ಇವತ್ತೇ ಹೊರಡು.”

“ಎಷ್ಟು ದಿನ ಸರ್?”

“ಹಾಜಿ ಗೆಲ್ಲುವವರೆಗೆ.”

ಅಂದರೆ, ನಿಕಾಹ್‌ಗೆ ಖಂಡಿತ ಮುಟ್ಟುತ್ತೇನೆ. ಮದುಮಗಳಿಗೆ ಮಕ್ಕಳಾಗಿ ಅವರ ಮದುವೆಗೂ ಅಲ್ಲೇ ಇರುತ್ತೇನೋ ಏನೋ. ವಿಮಾನ ತಡ ಅಂತ ಬೋರ್ಡಿನಲ್ಲಿ ಉಂಟು. ನೀವು ಇಷ್ಟು ಹೊತ್ತು ಕೇಳಿದಿರಿ, ಈ ಚಹಾದ ದುಡ್ಡೂ ನೀವೇ ಕೊಟ್ಟುಬಿಡಿ ಮಾರಾಯ್ರೆ.