ಮಾವನೂ ಜರ್ಮನ್ ಮಿಲಿಟರಿ ಪ್ಯಾನೆಲ್ಲೂ

ಎರಡನೇ ಮಹಾಯುದ್ಧ ನಮ್ಮ ಹಿರಿಯೂರಿನಲ್ಲಿ ಮುಗಿದದ್ದು ಹೋದ ಆಯುಧಪೂಜೆಗೆ ಎಂದರೆ ನೀವು ನಗುತ್ತೀರಿ. ನಗಿ! ನಮ್ಮ ಸೋದರಮಾವನ ನಡುಮನೆಯನ್ನು ನೀವು ನೋಡಿಲ್ಲ. ಟೀಪಾಯಿಯ ಮೇಲೆ ಜರ್ಮನಿ, ಅಡುಗೆಮನೆ ಬಾಗಿಲಲ್ಲಿ ಅತ್ತೆ, ನಡುವೆ ಮಾವ.

ಮಾವ ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. ಎರಡು ವರ್ಷದ ಹಿಂದೆ "ಈಗ ಯಾರಪ್ಪ ರೇಡಿಯೊ ತರ್ತಾರೆ?" ಎಂದು ಅಂಗಡಿಗೆ ಬೀಗ ಜಡಿದರು. ಜಡಿದ ಮೇಲೆ ಸುಮ್ಮನಿರಬೇಕೋ ಬೇಡವೋ? ಚಿತ್ರದುರ್ಗದ ಗುಜರಿ ಅಂಗಡಿಯಿಂದ ಒಂದು ಪ್ಯಾನೆಲ್ ಹೊತ್ತು ತಂದರು. ಆ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ರೇಡಿಯೊಗೆ ಕರೆಂಟು ಒದಗಿಸುತ್ತಿದ್ದ ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆ. ಮುಖದ ಮೇಲೆ ಸ್ವಿಚ್ಚು, ಫ್ಯೂಸು, ಗಾಜಿನೊಳಗೆ ಮುಳ್ಳಿರುವ ಒಂದು ಮೀಟರು. ರೇಡಿಯೊ ಎಲ್ಲಿ ಅಂದಿರಾ? ಇಲ್ಲ! ಎತ್ತಿಲ್ಲದ ಮನೆಗೆ ನೊಗ ತಂದ ಹಾಗೆ.

"ಇದು ದುರ್ಗಕ್ಕೆ ಹೆಂಗ್ ಬಂತು ಮಾವ?" ಎಂದೆ.

"ಅದ್ನೇ ಪರೀಕ್ಷೆ ಮಾಡ್ತಿರೋದು ಕಣಲೇ."

"ಕೋಟೆ ಹತ್ತಾಕೆ ಬಂದಿದ್ರೇನೋ ಜರ್ಮನಿಯೋರು, ಸುಸ್ತಾಗಿ ಇಳಿಸಿ ಹೋಗವ್ರೆ," ಎಂದು ಅತ್ತೆ ಒಳಗಿನಿಂದಲೇ ಗುಂಡು ಹಾರಿಸಿದರು.

ಮಾವನಿಗಿದ್ದದ್ದು ಒಂದೇ ಹಂಬಲ: ಆ ಮೀಟರಿನ ಮುಳ್ಳು ಒಮ್ಮೆ ಏಳಬೇಕು. ಎದ್ದರೆ ತಾವಿನ್ನೂ ಮೆಕ್ಯಾನಿಕ್ಕು, ಇಲ್ಲದಿದ್ದರೆ ಬರೀ ಮುದುಕ. ಹೀಗೆ ಪರೀಕ್ಷೆ ಆರು ತಿಂಗಳು ನಡೆಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಇಷ್ಟು ದಿನ ನಡೆಯುವುದಿಲ್ಲ ಸ್ವಾಮಿ!

ಒಂದು ದಿನ ಮತ್ತೋಡಿನಿಂದ ಅತ್ತೆಯ ದೊಡ್ಡಪ್ಪನ ಮಗ ಗೃಹಪ್ರವೇಶಕ್ಕೆ ಕರೆಯಲು ಬಂದ. "ಬರ್ರಿ, ಕುಂತ್ಕಳ್ರಿ" ಎಂದ ಮಾವ ನೀರು ಕೊಡುವ ಮೊದಲು ಭೂತಗನ್ನಡಿ ಕೊಟ್ಟರು. ಎರಡು ತಾಸು ಫ್ಯೂಸಿನ ಮಹಾತ್ಮೆ! ಆಸಾಮಿ ತಲೆ ತಿರುಗಿ ಎದ್ದವನು ಆಹ್ವಾನ ಪತ್ರಿಕೆಯನ್ನು ಜೇಬಿನಲ್ಲೇ ಉಳಿಸಿಕೊಂಡು, ನಮ್ಮ ಭೂತಗನ್ನಡಿಯನ್ನೂ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದ.

ಅತ್ತೆ ಕೆಂಡವಾದರು. "ಆಯುಧಪೂಜೆಯೊಳಗೆ ಮುಳ್ಳು ಏಳ್ಬೇಕು. ಇಲ್ಲಾಂದ್ರೆ ಇದು ವಾಪಸ್ ಗುಜರಿಗೆ!"

ಮಾವ ದೇವಿಯ ಮೊರೆಹೊಕ್ಕರು. ಪಟದ ಮೇಲೆ ಹೂವಿಟ್ಟು ಕೂತರು. ಬಲಕ್ಕೆ ಬಿದ್ದರೆ ಕರೆಂಟು ಕೊಡುವುದು, ಎಡಕ್ಕೆ ಬಿದ್ದರೆ ಬೇಡ. ಹೂ ಬಲಕ್ಕೇ ಬಿತ್ತು!

"ನಮ್ಮ ಬಲ ಅಂದ್ರೆ ದೇವಿಗೆ ಎಡ ಅಲ್ವೇನಪ್ಪ? ಬ್ಯಾಡ ಅಂದ್ಲು," ಎಂದು ಮಾವ ನಿರಾಳವಾಗಿ ಎದ್ದರು.

ಮರುದಿನ ಎಡಕ್ಕೆ ಬಿತ್ತು. "ಎಡ ಅಂದ್ರೆ ಎಡವೇ! ಅದ್ರಾಗೇನೈತೆ?"

ಕೊನೆಗೆ ಆಯುಧಪೂಜೆಯ ಬೆಳಿಗ್ಗೆ ನಾನೇ ಮುಚ್ಚಳ ಬಿಚ್ಚಿದೆ. ಒಳಗೆ ಒಂದು ತಂತಿ ಕಿತ್ತುಬಂದಿತ್ತು, ಅಷ್ಟೇ.

"ಒಂದು ಬೆಸುಗೆ ಹಾಕಿದ್ರೆ ಆತಲ್ಲ ಮಾವ!"

"ಮೊದಲ್ನೇ ದಿನಾನೇ ನೋಡಿದ್ದೆ," ಎಂದು ಮಾವ ಬೆಸುಗೆ ಕಡ್ಡಿ ಎತ್ತಿಕೊಂಡರು. ಕೈ ಗಡಗಡ ನಡುಗುತ್ತಿತ್ತು. ಕಡ್ಡಿಯ ತುದಿ ತಂತಿಯ ಹತ್ತಿರವೂ ನಿಲ್ಲಲಿಲ್ಲ. ಅಂಗಡಿ ಮುಚ್ಚಿದ್ದು ರೇಡಿಯೊ ಬಾರದ್ದಕ್ಕಲ್ಲ ಎಂದು ನನಗೆ ಆಗ ತಿಳಿಯಿತು. ಇಷ್ಟು ದಿನ ನಕ್ಕದ್ದಕ್ಕೆ ನಾಚಿಕೆಯಾಯಿತು.

ಮಾವ ಪಕ್ಕದ ಹಳೆಯ ಬೆಸುಗೆಯೊಂದನ್ನು ತೋರಿಸಿದರು. ಸೀಸ ಸೊಟ್ಟಗೆ ಹರಿದು ಗಂಟಾಗಿತ್ತು. "ಇದು ಕಾರ್ಖಾನೆ ಕೆಲಸ ಅಲ್ಲ. ಯುದ್ಧದಾಗೆ ಯಾವನೋ ಹಾಕವ್ನೆ. ಅವನ ಕೈಯೂ ನಡುಗೈತೆ ನೋಡು. ಪಾಪ, ಎಷ್ಟು ಹೆದರಿದ್ನೋ."

ಅತ್ತೆ ಬಾಗಿಲಿನಿಂದ ಬಂದರು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಾವನ ಮಣಿಕಟ್ಟು ಹಿಡಿದರು.

"ನಂಗೊತ್ತಿಲ್ವೇನ್ರಿ? ದಿನಾ ಚಾ ಲೋಟ ಅರ್ಧನೇ ತುಂಬಿಸಿ ಕೊಡೋದು ಯಾಕೆ ಅಂದ್ಕಂಡಿದ್ರಿ? ಹಾಕ್ರಿ ಈಗ."

ಬೆಸುಗೆ ಕೂತಿತು. ನಾನು ಕರೆಂಟು ಕೊಟ್ಟು ಸ್ವಿಚ್ಚು ಒತ್ತಿದೆ. ಮುಳ್ಳು ಎದ್ದಿತು!

"ಎದ್ದೈತೆ ಮಾವ, ಎದ್ದೈತೆ!" ಎಂದು ಕುಣಿದೆ. ಅದನ್ನು ನೋಡಿದವನು ನಾನೊಬ್ಬನೇ. ಮಾವ ಅಳುತ್ತಿದ್ದರು, ಅತ್ತೆ ಆ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.