ಬಟಾಟೆ ಚಿಪ್ಸ್ ಕಪ್ಪಾದ ಕತೆ

ಬಟಾಟೆಯನ್ನು ನಂಬಿ ಬದುಕಲು ಹೊರಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ಪಾಣೆಮಂಗಳೂರಿನಲ್ಲಿ ನನ್ನದೊಂದು ಚಿಪ್ಸ್ ಬಾಣಲೆ ಇದೆ. ಇವತ್ತೇ ಕೊನೆಯೇನೋ ಎಂದುಕೊಂಡೇ ದಿನಾ ಒಲೆ ಹಚ್ಚುತ್ತೇನೆ.

೧. ಎಸಿಯಲ್ಲಿ ಮಲಗಿದವು

ಮಂಡಿಯವರು ಒಮ್ಮೆ ಹೆಮ್ಮೆಯಿಂದ ಕೋಲ್ಡ್ ಸ್ಟೋರೇಜಿನ ಬಟಾಟೆ ಕಳಿಸಿದರು. ಗುಂಡು ಗುಂಡಾಗಿ, ಒಂದು ಕಲೆಯೂ ಇರಲಿಲ್ಲ. ಎಣ್ಣೆಗೆ ಬಿಟ್ಟದ್ದೇ ಕಾಫಿಪುಡಿಯ ಬಣ್ಣಕ್ಕೆ ತಿರುಗಿದವು. ತಣ್ಣಗಿಟ್ಟರೆ ಬಟಾಟೆಯೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ, ಆ ಸಕ್ಕರೆ ಬಾಣಲೆಯಲ್ಲಿ ಕರಕಲಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಫೋನಿನಲ್ಲಿ ಗೋಳು ತೋಡಿಕೊಂಡೆ. ಮಂಡಿಯವರು ಸಮಾಧಾನ ಹೇಳಿದರು: "ಸಿಹಿ ಉಂಟಲ್ಲ ಮಾರಾಯ್ರೆ, ಸ್ವೀಟ್ ಅಂತ ಮಾರಿ."

೨. ಸಾಕ್ಷಿ

ಹಟ ಹಿಡಿದು ಹಿಟ್ಟು ಹೆಚ್ಚು, ನೀರು ಕಡಿಮೆ ಇರುವ ಬಟಾಟೆ ತರಿಸಿದೆ. ಚಿಪ್ಸಿಗೆ ಅದೇ ಬೇಕು. ಉಳಿದ ಸಣ್ಣವನ್ನು ಲಾಯಿಲದ ಹೋಟೆಲಿನವರಿಗೆ ಸಾಂಬಾರಿಗೆ ಕೊಟ್ಟೆ. ಇಂಥದ್ದು ಬೆಂದರೆ ಕರಗಿಹೋಗುತ್ತದೆ ಎಂಬುದು ಹೊಳೆಯಲಿಲ್ಲ.

ಮಧ್ಯಾಹ್ನ ಹೋಟೆಲಿನವರ ಫೋನು. ಸಾಂಬಾರಿನಲ್ಲಿ ಹೋಳೇ ಇಲ್ಲ ಎಂದು ಗಿರಾಕಿಗಳ ಜಗಳವಂತೆ. "ಸ್ಪೀಕರಿಗೆ ಹಾಕ್ತೇನೆ, ಬಟಾಟೆ ಕೊಟ್ಟದ್ದು ಹೌದು ಅಂತ ನೀವೇ ಹೇಳಿ." ಊಟಕ್ಕೆ ಕೂತವರಿಗೆಲ್ಲ ಫೋನಿನಲ್ಲೇ ಪ್ರಮಾಣ ಮಾಡಿದೆ. ಹಾಗಾದರೆ ಕೊಟ್ಟವನನ್ನೇ ಕರೆಸಿ, ಬಂದು ಹುಡುಕಿ ಕೊಡಲಿ ಎಂದು ಆ ಕಡೆ ಯಾರೋ ಹೇಳಿದ್ದು ಕೇಳಿಸಿತು.

೩. ತಿನ್ನದವರ ತೀರ್ಪು

ಕೊನೆಯ ಆಸೆ ಮೂಡಬಿದಿರೆಯ ಅಂಗಡಿ. ಮಾಲಕರು ಜೈನರು. ಗಿರಾಕಿಗಳಿಗೆಂದು ಬಟಾಟೆ ಚಿಪ್ಸ್ ಮಾರುತ್ತಾರೆ, ಆದರೆ ನೆಲದೊಳಗೆ ಬೆಳೆದದ್ದನ್ನು ಜನ್ಮದಲ್ಲಿ ಬಾಯಿಗಿಟ್ಟವರಲ್ಲ. ಸೋಮವಾರ ಸ್ಯಾಂಪಲ್ ತನ್ನಿ, ಬಣ್ಣ ಸರಿ ಇದ್ದರೆ ವಾರವಾರವೂ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಅದೂ ತಪ್ಪಿದರೆ ನಾನು ಬಾಣಲೆ ಬೋರಲು ಹಾಕುವುದೇ.

ವಾರ ಮೊದಲೇ ಒಳ್ಳೆಯ ಐದು ಕಿಲೋ ಆರಿಸಿ, ಗಾಳಿಯಾಡುವ ಮೂಲೆಯಲ್ಲಿ ಗೋಣಿ ಮುಚ್ಚಿ ಇಟ್ಟೆ. ಸೋಮವಾರ ಬೆಳಿಗ್ಗೆ ನೋಡಿದರೆ ಗೋಣಿ ಮಾತ್ರ ಇದೆ. ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದಳು. "ನಿಮ್ಮ ಜೀವ ಇದರಲ್ಲೇ ಉಂಟಲ್ಲ. ವಾರದಿಂದ ಮೀನು ತರದೆ ಇದಕ್ಕೆ ಜಾಗ ಮಾಡಿದ್ದೇನೆ." ಕರಿದೆ. ಕಪ್ಪಾಯಿತು. ಬೇರೆ ದಾರಿಯಿಲ್ಲದೆ ಅದನ್ನೇ ಹಿಡಿದು ಬಸ್ಸು ಹತ್ತಿದೆ.

ಮಾಲಕರು ಒಂದು ಚಿಪ್ಸ್ ಎತ್ತಿ ಬೆಳಕಿಗೆ ಹಿಡಿದರು, ಮುರಿದರು, ತಟ್ಟೆಯಲ್ಲಿಟ್ಟರು. ಫ್ರಿಜ್ಜಿನಲ್ಲಿ ಇಟ್ಟಿದ್ದೀರಲ್ಲ, ಬೇಡ ಎಂದರು. ನನಗೆ ಅಳುವೇ ಬಂತು. ಒಂದು ಚೂರೂ ತಿನ್ನದೆ ಬೇಡ ಅನ್ನುತ್ತೀರಲ್ಲ ಎಂದುಬಿಟ್ಟೆ.

ಅವರಿಗೂ ಪಾಪ ಅನ್ನಿಸಿತೋ ಏನೋ, ತಟ್ಟೆಯನ್ನು ನನ್ನತ್ತ ಸರಿಸಿ ಹೇಳಿದರು: "ಒಂದು ಕೆಲಸ ಮಾಡುವ. ಬಾಳೆಕಾಯಿ ಚಿಪ್ಸ್ ತನ್ನಿ. ಅದಾದರೆ ತಿಂದು ನೋಡಿಯೇ ಬೇಡ ಅಂತೇನೆ."