ಮೂವತ್ತೇಳನೇ ನಂಬರಿನ ಮೂಗು

ಎಲ್ಲಕ್ಕೂ ಕಾರಣ ಹೊಸ ಬೂಟು. ಗುರುವಾರ ಮೂರು ಮನೆಗಳ ಬಾಗಿಲು ತಟ್ಟುವಷ್ಟರಲ್ಲಿ ಅದು ಪೆನ್ನಪ್ಪನ ಹಿಮ್ಮಡಿಯನ್ನು ಕಚ್ಚಿ ಗುಳ್ಳೆ ಎಬ್ಬಿಸಿತ್ತು. ಮೂರರಲ್ಲಿ ಎರಡು ಬಾಗಿಲು ತೆರೆಯಲೇ ಇಲ್ಲ. ತೆರೆದ ಒಂದು ಬಾಗಿಲು ಅವನು ‘ನಮಸ್ಕಾರ’ ಎಂದು ಮುಗಿಸುವುದರೊಳಗೆ ಮುಚ್ಚಿಕೊಂಡಿತು. ಇನ್ನು ನಲವತ್ತೇಳು ಮನೆ ಹತ್ತಿಳಿಯುವುದು ಈ ಜನ್ಮದಲ್ಲಿ ಆಗದ ಮಾತೆಂದುಕೊಂಡು ಅವನು ಕುಂಟುತ್ತ ಮನೆಗೆ ಬಂದ. ಊಟದ ಮೇಜಿನ ಮುಂದೆ ಕೂತು ಐವತ್ತು ಫಾರಂಗಳನ್ನೂ ತಾನೇ ತುಂಬಿಬಿಟ್ಟ.

ಜೇಬಿನಲ್ಲಿ ಸದಾ ಮೂರು ಬಣ್ಣದ ಪೆನ್ನು ಇರುತ್ತಿದ್ದುದರಿಂದ ಆಫೀಸಿನವರು ಅವನಿಗಿಟ್ಟ ಹೆಸರು ಪೆನ್ನಪ್ಪ. ಟ್ಯಾಬ್ಲೆಟ್ ಕಂಪ್ಯೂಟರ್ ತಯಾರಿಸುವ ಕಂಪನಿಯೊಂದರಲ್ಲಿ ಅವನದು ಮನೆಮನೆಗೆ ಹೋಗಿ ಅಭಿಪ್ರಾಯ ಕೇಳುವ ಕೆಲಸ. ಎರಡು ವರ್ಷದಿಂದ ತಾತ್ಕಾಲಿಕ. ಖಾಯಂ ಆಗುವವರ ಪಟ್ಟಿ ಶನಿವಾರ ಹೊರಬೀಳುವುದಿತ್ತು. ಫಾರಂನಲ್ಲಿದ್ದುದು ಒಂದೇ ಪ್ರಶ್ನೆ: ‘ಈಗ ಮಾರುಕಟ್ಟೆಯಲ್ಲಿ ನಂಬರ್ ಒನ್ ಆಗಿರುವ ಟ್ಯಾಬ್ಲೆಟ್ಟನ್ನು ಬಿಟ್ಟು ನೀವು ನಮ್ಮದನ್ನು ಕೊಳ್ಳಬೇಕಾದರೆ ಅದರಲ್ಲಿ ಏನಿರಬೇಕು?’

ಮೊದಲ ಇಪ್ಪತ್ತು ಜನರನ್ನು ಹುಟ್ಟಿಸುವುದು ಸಲೀಸಾಗಿತ್ತು. ಒಬ್ಬನಿಗೆ ಎರಡು ದಿನ ಬಾಳುವ ಬ್ಯಾಟರಿ ಬೇಕು, ಇನ್ನೊಬ್ಬಳಿಗೆ ಬಿಸಿಲಲ್ಲೂ ಕಾಣುವ ಪರದೆ ಬೇಕು. ಮೂವತ್ತು ದಾಟಿದ ಮೇಲೆ ಅವನ ತಲೆ ಬರಿದಾಯಿತು. ಅಷ್ಟರಲ್ಲಿ ಮಂಚದ ಮೇಲೆ ಮಲಗಿ ಟ್ಯಾಬ್ಲೆಟ್ ನೋಡುತ್ತಿದ್ದ ಹೆಂಡತಿ, ಅದು ಕೈಜಾರಿ ಮುಖದ ಮೇಲೆ ಬಿದ್ದು, "ಅಯ್ಯೋ ನನ್ನ ಮೂಗು!" ಎಂದು ಕೂಗಿಕೊಂಡಳು. ಪೆನ್ನಪ್ಪ ಸಂತೋಷದಿಂದ ಹಸಿರು ಪೆನ್ನು ತೆಗೆದು ಬರೆದ: ‘ನಂಬರ್ 37. ಹೆಂಗಸು, 64 ವರ್ಷ, ನಿವೃತ್ತ ನರ್ಸ್. ಮಲಗಿ ನೋಡುವಾಗ ಮುಖದ ಮೇಲೆ ಬಿದ್ದರೆ ಮೂಗಿಗೆ ನೋವಾಗಬಾರದು. ಅಂಥದ್ದು ಮಾಡಿಕೊಡಿ, ನಿಮ್ಮದನ್ನೇ ಕೊಳ್ಳುತ್ತೇನೆ.’

ಅಂದು ಸಂಜೆಯೇ ಪೆನ್ನಪ್ಪ ಫಾರಂಗಳನ್ನು ಆಫೀಸಿಗೆ ಮುಟ್ಟಿಸಿ ಬಂದ. ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಮ್ಯಾನೇಜರ್ ಫೋನು ಬಂತು.

"ಏನ್ರೀ ಪೆನ್ನಪ್ಪ, ಆ ಮೂವತ್ತೇಳನೇ ನಂಬರ್ ಯಾರ್ರೀ? ಛೇರ್ಮನ್ನರು ನಿಮ್ಮ ಐವತ್ತು ಫಾರಂನೂ ಓದಿದಾರೆ. ಇವತ್ತು ಮೂರು ಗಂಟೆಗೆ ಆ ಹೆಂಗಸನ್ನ ಕರ್ಕೊಂಡು ಬರಬೇಕಂತೆ."

ಬಾಯಲ್ಲಿದ್ದ ನೊರೆಯನ್ನು ಪೆನ್ನಪ್ಪ ನುಂಗಿಬಿಟ್ಟ. "ಸರ್, ಅವರಿಗೆ ಹುಷಾರಿಲ್ಲ..."

"ಕುರ್ಚಿ ಸಮೇತ ಎತ್ಕೊಂಡು ಬನ್ನಿ. ನಾಳೆ ಪಟ್ಟಿ ಇದೆ, ನೆನಪಿದೆ ತಾನೆ?"

ವಿಷಯ ಕೇಳಿ ಹೆಂಡತಿ ಹಣೆ ಚಚ್ಚಿಕೊಂಡಳು. "ನಲವತ್ತೇಳು ಮನೆ ನಡೆದಿದ್ರೆ ಕಾಲು ಸವೆದು ಹೋಗ್ತಿತ್ತೇನ್ರೀ?" ಎಂದು ಬೈದಳು. ಬೈದು ಮುಗಿಸಿ ಕೆಳಗಿನ ಮನೆಯ ಹೊಲಿಗೆ ಆಂಟಿಯನ್ನು ಕರೆದುಕೊಂಡು ಬಂದಳು.

ಹೊಲಿಗೆ ಆಂಟಿ ಬೀದಿಯ ಎಲ್ಲರಿಗೂ ಬಟ್ಟೆ ಹೊಲಿಯುತ್ತ, ಅಳತೆ ತೆಗೆದುಕೊಳ್ಳುವಾಗಲೇ ಎಲ್ಲರ ಸಂಸಾರದ ಸುದ್ದಿಯನ್ನೂ ತೆಗೆದುಕೊಳ್ಳುತ್ತಿದ್ದವರು. ಕರೆದ ಕಡೆ ಹೋಗುವುದಂತೂ ಸರಿಯೇ, ಕರೆಯದ ಕಡೆಗೂ ಹೋಗುತ್ತಿದ್ದರು.

"ಅಷ್ಟೇನಾ? ನೀನು ಹೆದರಬೇಡ ಕಣಪ್ಪ. ನರ್ಸ್ ತಾನೆ? ಆದೆ ಬಿಡು. ಆದ್ರೆ ಅರವತ್ನಾಲ್ಕು ಅಂತ ಯಾವ ಕೈಯಲ್ಲಿ ಬರೆದೆ? ನಾನು ಐವತ್ತೆರಡು ಅಂತಲೇ ಹೇಳೋದು."

"ಆಂಟಿ, ಕಾಲಿಗೆ ಬೀಳ್ತೀನಿ, ಫಾರಂನಲ್ಲಿ ಅರವತ್ನಾಲ್ಕು ಅಂತಲೇ ಇದೆ!"

"ಫಾರಂನಲ್ಲಿರಲಿ ಬಿಡಪ್ಪ, ಮುಖದ ಮೇಲೆ ಇಲ್ಲವಲ್ಲ."

ಮೂವತ್ತೇಳನೇ ನಂಬರಿನವಳ ಹತ್ತಿರ ನಂಬರ್ ಒನ್ ಟ್ಯಾಬ್ಲೆಟ್ ಇರಬೇಕಿತ್ತು. ಹೆಂಡತಿ ತನ್ನದನ್ನೇ ಆಂಟಿಯ ಚೀಲಕ್ಕೆ ಹಾಕಿದಳು. ಕಂಪನಿಯವನ ಮನೆಯಲ್ಲೇ ಎದುರಾಳಿಯ ಮಾಲು ಇರುವುದು ಯಾರಿಗೂ ತಿಳಿಯದಿರಲಿ ಎಂದು ಪೆನ್ನಪ್ಪ ದಾರಿಯುದ್ದಕ್ಕೂ ಬೇಡಿಕೊಂಡ. ಬೂಟು ಇನ್ನೂ ಕಚ್ಚುತ್ತಲೇ ಇತ್ತು, ಆದರೆ ಅಂದು ಅವನಿಗೆ ಅದರ ನೋವು ಗೊತ್ತಾಗಲಿಲ್ಲ.

ಛೇರ್ಮನ್ನರ ಕೋಣೆಯಲ್ಲಿ ದೊಡ್ಡ ಮೇಜು, ಉದ್ದದ ಸೋಫಾ, ಗಾಜಿನ ಕಪಾಟಿನಲ್ಲಿ ಕಂಪನಿಯ ಟ್ಯಾಬ್ಲೆಟ್ಟುಗಳು. ಛೇರ್ಮನ್ನರು ಮಿತಭಾಷಿ. ಮ್ಯಾನೇಜರ್ ಅವರ ಪಾಲಿನ ಮಾತನ್ನೂ ತಾನೇ ಆಡಿಬಿಡುತ್ತಿದ್ದ.

"ಎಷ್ಟು ವರ್ಷ ನರ್ಸ್ ಆಗಿದ್ರಿ?" ಎಂದು ಛೇರ್ಮನ್ನರು ಕೇಳಿದರು.

"ನಲವತ್ತು ವರ್ಷ ಸರ್. ಎಷ್ಟು ಜನಕ್ಕೆ ಹೊಲಿಗೆ ಹಾಕಿದ್ದೀನೋ ನನಗೇ ಗೊತ್ತಿಲ್ಲ," ಎಂದರು ಆಂಟಿ, ಒಂದಿಷ್ಟೂ ಸುಳ್ಳು ಹೇಳದೆ.

"ಈಗ ವಯಸ್ಸು?"

"ಐವತ್ತೆರಡು."

ಛೇರ್ಮನ್ನರು ಲೆಕ್ಕ ಹಾಕಿದರು. "ಹನ್ನೆರಡನೇ ವಯಸ್ಸಿಗೇ ನರ್ಸ್ ಆದ್ರಾ?"

"ಆಗಿನ ಕಾಲ ಹಾಗಿತ್ತು ಸರ್."

ಪೆನ್ನಪ್ಪ ಗಾಬರಿಯಿಂದ ಮುಂದೆ ಬಂದ. ಮಾತು ತಿರುಗಿಸಲೆಂದು, "ಆಂಟಿ, ಮೂಗಿನ ವಿಷಯ ಹೇಳಿ," ಎಂದ. ಹೇಳುವುದೇನು, ಆಂಟಿ ಮಾಡಿಯೇ ತೋರಿಸಲು ಹೊರಟರು. ಚಪ್ಪಲಿ ಬಿಟ್ಟು, ಛೇರ್ಮನ್ನರ ಸೋಫಾದ ಮೇಲೆ ಉದ್ದಕ್ಕೆ ಮಲಗಿ, ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಮೇಲೆತ್ತಿ ಬಿಟ್ಟುಬಿಟ್ಟರು. ಅದು ಪಟ್ಟೆಂದು ಮೂಗಿನ ಮೇಲೆ ಬಿತ್ತು.

"ನೋಡಿ ಸರ್, ಇದು ನಂಬರ್ ಒನ್. ಸ್ವಲ್ಪ ಚುರುಗುಟ್ಟಿತು, ಅಷ್ಟೇ. ಈಗ ನಿಮ್ಮದು ಕೊಡಿ."

"ಬೇಡ ಆಂಟಿ!" ಎಂದು ಪೆನ್ನಪ್ಪ ಕೂಗುವಷ್ಟರಲ್ಲಿ ಮ್ಯಾನೇಜರ್ ಉತ್ಸಾಹದಿಂದ ಕಪಾಟಿನಿಂದ ಒಂದನ್ನು ತಂದುಕೊಟ್ಟಿದ್ದ. ಅದೋ ರುಬ್ಬುವ ಕಲ್ಲಿನಷ್ಟು ತೂಕ. ಬಿದ್ದ ಸದ್ದೇ ಬೇರೆಯಾಗಿತ್ತು. ಆಂಟಿಯ ಚೀತ್ಕಾರಕ್ಕೆ ಹೊರಗಿನ ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಮೂಗು ನೋಡನೋಡುತ್ತಿದ್ದಂತೆ ಕೆಂಪಗಾಗಿ ಊದಿಕೊಂಡಿತು. "ಐಸ್! ಐಸ್!" ಎಂದು ಕೂಗುತ್ತ ಮ್ಯಾನೇಜರ್ ಆಂಟಿಯನ್ನು ಕೈಹಿಡಿದು ಹೊರಗೆ ನಡೆಸಿಕೊಂಡು ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಪೆನ್ನಪ್ಪ ಗರಬಡಿದವನ ಹಾಗೆ ಬಾಗಿಲ ಪಕ್ಕ ನಿಂತಿದ್ದ.

"ಹನ್ನೆರಡನೇ ಫಾರಂನ ವಿಳಾಸ ನಮ್ಮ ಮನೆಯ ಹಿಂದಿನ ಬೀದಿ," ಎಂದರು ಛೇರ್ಮನ್ನರು ತಣ್ಣಗೆ. "ಬೆಳಿಗ್ಗೆ ವಾಕಿಂಗ್ ಹೋದಾಗ ನೋಡಿದೆ. ನೀನು ನಾಲ್ಕು ಜನರ ಸಂಸಾರ ಅಂತ ಬರೆದಿದ್ದೀಯ. ಅಲ್ಲಿರೋದು ನೀರಿನ ಟ್ಯಾಂಕು."

ಎರಡು ವರ್ಷದ ದುಡಿಮೆ ನೀರುಪಾಲಾಯಿತೆಂದು ಪೆನ್ನಪ್ಪನ ಕಣ್ಣು ತುಂಬಿಕೊಂಡಿತು. "ಗೊತ್ತಿದ್ದೂ... ಈ ಹೆಂಗಸನ್ನ ಯಾಕೆ ಕರೆಸಿದ್ರಿ ಸರ್?"

"ಹುಟ್ಟಿಸಿದವನಿಗೆ ಕರ್ಕೊಂಡು ಬರೋಕೂ ಆಗತ್ತಾ ಅಂತ ನೋಡಬೇಕಿತ್ತು." ಛೇರ್ಮನ್ನರು ಫಾರಂಗಳನ್ನು ಮೆಲ್ಲಗೆ ತಿರುವಿಹಾಕಿದರು. "ಐವತ್ತು ಜನ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಒಬ್ಬಳಿಗೆ ಮೂಗಿನ ಚಿಂತೆ, ಒಬ್ಬನಿಗೆ ಬಿಸಿಲಿನ ಚಿಂತೆ. ಹತ್ತು ವರ್ಷದಿಂದ ನಮ್ಮ ಇಂಜಿನಿಯರುಗಳನ್ನ ಕೇಳ್ತಾ ಇದ್ದೀನಿ, ಆ ನಂಬರ್ ಒನ್ ಕಂಪನಿಯನ್ನ ಹಿಂದೆ ಹಾಕೋಕೆ ನಮ್ಮ ಟ್ಯಾಬ್ಲೆಟ್ಟಿಗೆ ಏನು ಬೇಕು ಅಂತ. ಬ್ಯಾಟರಿ ಅಂತಾರೆ, ಪರದೆ ಅಂತಾರೆ. ಏನು ಬೇಕು ಅಂತ ನನಗೆ ಗೊತ್ತಾಗಿದ್ದು ನಿನ್ನ ಫಾರಂ ಓದಿದ ಮೇಲೆ."

"ಏನು ಸರ್?"

"ಮೆಚ್ಚಿಕೊಳ್ಳೋ ಗಿರಾಕಿಗಳು. ಅವರದಕ್ಕೆ ಇಂಟರ್ನೆಟ್ಟಿನಲ್ಲಿ ಐವತ್ತು ಸಾವಿರ ಜನ ಹೊಗಳಿ ಬರೆದಿದ್ದಾರೆ. ನಮ್ಮದಕ್ಕೆ ಹನ್ನೊಂದು ಜನ. ಅದರಲ್ಲಿ ಒಂಬತ್ತು ಬೈಗುಳ." ಅವರು ಎದ್ದು ಬಂದು ಪೆನ್ನಪ್ಪನ ಭುಜದ ಮೇಲೆ ಕೈಯಿಟ್ಟರು. "ನಾಳೆಯ ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲು. ಇವತ್ತಿಂದ ನೀನು ಖಾಯಂ. ಐವತ್ತು ಸಾವಿರದ ಒಂದು ಜನರನ್ನ ನೀನು ಹುಟ್ಟಿಸಬೇಕು. ಎಲ್ಲರೂ ಬೇರೆ ಬೇರೆ ಥರ ಖುಷಿಪಡಬೇಕು. ಮೊದಲನೆಯದು ಆ ನರ್ಸಮ್ಮನದೇ ಆಗಲಿ. ‘ಮೂಗಿನ ಮೇಲೆ ಬಿದ್ದರೂ ಹೂವು ಬಿದ್ದ ಹಾಗಿದೆ’ ಅಂತ ಬರಿ."

ಪೆನ್ನಪ್ಪನದೋ ಮೂವತ್ತು ಜನಕ್ಕೇ ಬರಿದಾಗಿದ್ದ ತಲೆ. ಹೊರಗಿನಿಂದ ಆಂಟಿಯ ನರಳಾಟ ಕೇಳುತ್ತಿತ್ತು.

"ಸರ್," ಎಂದ ಅವನು, "ಈ ಕೆಲಸ ಎಲ್ಲಿಯವರೆಗೆ?"

"ನಮ್ಮ ಟ್ಯಾಬ್ಲೆಟ್ ನಂಬರ್ ಒನ್ ಆಗೋವರೆಗೆ," ಎಂದು ಛೇರ್ಮನ್ನರು ಸೋಫಾದ ಮೇಲಿದ್ದ ಕಂಪನಿಯ ಟ್ಯಾಬ್ಲೆಟ್ಟನ್ನು ಎತ್ತಿ ಅವನ ಕೈಗಿಟ್ಟರು. "ಬರೆಯೋದನ್ನೆಲ್ಲ ಇದರಲ್ಲೇ ಬರಿ."

ಪೆನ್ನಪ್ಪ ಗುಂಡಿ ಒತ್ತಿದ. ಒತ್ತಿ ಕಾದ. ಹೊರಗೆ ಐಸ್ ಕರಗಿ, ಆಂಟಿ ಮನೆಗೆ ಹೊರಟು ನಿಂತರೂ ಅದು ಇನ್ನೂ ಶುರುವಾಗುತ್ತಲೇ ಇತ್ತು.